ಮ್ಯಾನೇಜರ್ ಕದ್ದರೆ ರಾಜೀನಾಮೆ, ಹೆಲ್ಪರ್ ಕದ್ದರೆ ಜೈಲು. ಯಾಕೆ ಹೀಗೆ?

ಸ್ಟೋರ್ಸ್, ವಸಂತನರಸಾಪುರ:
ನಮ್ಮ ಫ್ಯಾಕ್ಟರಿಯ ಪರ್ಚೇಸ್ ಹೆಡ್ ಬಾಮೈದನ ಹೆಸರಲ್ಲಿ ಒಂದು ಫರ್ಮ್ ಮಾಡಿಸಿ, ಬಾರದ ಮಾಲಿಗೆ ಬಿಲ್ ಪಾಸ್ ಮಾಡಿಸುತ್ತಿದ್ದರು. ಆಡಿಟ್‌ನವರಿಗೆ ಪುಸ್ತಕ ತೆಗೆದುಕೊಟ್ಟವನು ನಾನೇ. ಬಿಲ್ ಇದೆ, ತೂಕದ ಚೀಟಿ ಇದೆ. ಗೇಟ್ ಇನ್‌ವರ್ಡ್ ಪುಸ್ತಕದಲ್ಲಿ ಆ ಲಾರಿ ಒಳಗೆ ಬಂದ ಎಂಟ್ರಿಯೇ ಇಲ್ಲ! ಲಕ್ಷಗಟ್ಟಲೆ ಹಣ. ರಾಜೀನಾಮೆ ಬರೆಸಿಕೊಂಡು, ಹಾರ ಹಾಕಿ ಕಳಿಸಿದರು. ಈಗ ಬೆಂಗಳೂರಲ್ಲಿ ಇನ್ನೂ ದೊಡ್ಡ ಹುದ್ದೆ.

ಅದೇ ಸಮಯಕ್ಕೆ ನಮ್ಮ ಹೆಲ್ಪರ್ ಒಬ್ಬ ಊಟದ ಬ್ಯಾಗಿನಲ್ಲಿ ತಾಮ್ರದ ತಂತಿ ಇಟ್ಟುಕೊಂಡು ಸಿಕ್ಕಿಬಿದ್ದ. ತಕ್ಷಣ ಪೊಲೀಸ್ ಕರೆಸಿದರು. ಇನ್ನೂ ಒಳಗೇ ಇದ್ದಾನೆ. ಅವನು ಮಾಡಿದ್ದೂ ತಪ್ಪೇ. ಆದರೆ ಇದನ್ನು ನೋಡಿಕೊಂಡು ಸುಮ್ನೆ ಇರೋಕೆ ಆಗುತ್ತಿಲ್ಲ. ಕಾನೂನಿನಲ್ಲೇ ಇಬ್ಬರಿಗೂ ಬೇರೆ ಬೇರೆ ಶಿಕ್ಷೆ ಇದೆಯಾ?

ವಕೀಲ, ತುಮಕೂರು:
ಇಲ್ಲ. ನೌಕರ ಮಾಲೀಕನ ವಸ್ತು ಕದ್ದರೆ ಭಾರತೀಯ ನ್ಯಾಯ ಸಂಹಿತೆಯ 306ನೇ ಸೆಕ್ಷನ್. ನಂಬಿ ಒಪ್ಪಿಸಿದ ಹಣ ನುಂಗಿದರೆ 316(4), ಅಂದರೆ ಹಳೇ ಐಪಿಸಿ 408. ಎರಡಕ್ಕೂ ಗರಿಷ್ಠ 7 ವರ್ಷ. ಕಂಪನಿ ಕಾಯ್ದೆಯ 447ರಲ್ಲಿ ದೊಡ್ಡ ವಂಚನೆಗೆ 10 ವರ್ಷದವರೆಗೂ ಹಾಕಬಹುದು.

ಆದರೆ ದೂರು ಕೊಡಬೇಕಲ್ಲ? ಬ್ಯಾಂಕಿಗೆ, ಗಿರಾಕಿಗಳಿಗೆ ಗೊತ್ತಾದರೆ ಹೆಸರು ಕೆಡುತ್ತೆ ಅಂತ ಕಂಪನಿ ಮುಚ್ಚಿಹಾಕುತ್ತದೆ. ದೂರು ಕೊಟ್ಟರೂ 316(4)ರಲ್ಲಿ ಕೋರ್ಟಿನ ಅನುಮತಿ ಪಡೆದು ರಾಜಿ ಆಗಬಹುದು. ಹಣ ವಾಪಸ್ ಕಟ್ಟುವ ತಾಕತ್ತಿದ್ದವನು ಹೊರಗೆ ಬರುತ್ತಾನೆ.

ಅಕೌಂಟ್ಸ್, ಕೋಲಾರ:
ದೂರು ಕೊಟ್ಟು ಶಿಕ್ಷೆಯಾದರೂ ಅಷ್ಟೇ. ಸತ್ಯಂ ಕಂಪ್ಯೂಟರ್ಸ್ ಲೆಕ್ಕದ ಮೋಸದ ಕೇಸಿನಲ್ಲಿ ಅದರ ಸ್ಥಾಪಕ ರಾಮಲಿಂಗ ರಾಜುಗೆ 2015ರ ಏಪ್ರಿಲ್‌ನಲ್ಲಿ 7 ವರ್ಷ ಅಂತ ತೀರ್ಪು ಬಂತು. ಮೇ ತಿಂಗಳಲ್ಲೇ ಶಿಕ್ಷೆ ತಡೆಹಿಡಿದು ಜಾಮೀನು ಕೊಟ್ಟರು. ತೀರ್ಪಿಗೆ ಮುಂಚೆ ಎರಡು ವರ್ಷಕ್ಕೂ ಜಾಸ್ತಿ ಒಳಗಿದ್ದರು, ಅದು ನಿಜ. ಆದರೆ ಸಾವಿರಾರು ಕೋಟಿಯ ಮೋಸ ಅದು.

ನಿಮ್ಮ ಆಡಿಟರ್ ಏನು ಮಾಡಿದರು ಕೇಳಿ. ಕಂಪನಿ ಕಾಯ್ದೆ 143(12)ರ ಪ್ರಕಾರ ನೌಕರರ ವಂಚನೆ ಕಂಡರೆ ಅವರು ವರದಿ ಮಾಡಲೇಬೇಕು. 1 ಕೋಟಿ ಮುಟ್ಟಿದರೆ ಕೇಂದ್ರ ಸರ್ಕಾರಕ್ಕೆ. ಅದಕ್ಕಿಂತ ಕಡಿಮೆಯಾದರೆ ಕಂಪನಿಯ ನಿರ್ದೇಶಕರ ಬೋರ್ಡಿಗೆ ತಿಳಿಸಿದರೆ ಸಾಕು. ನಿಮ್ಮಲ್ಲಿ ಅಲ್ಲಿಗೇ ನಿಂತಿರಬೇಕು.

ವಕೀಲ, ತುಮಕೂರು:
ಆ ಹೆಲ್ಪರ್‌ಗೆ ವಕೀಲರು ಇದ್ದಾರಾ? ಬಂಧನದಲ್ಲಿರುವ ಯಾರಿಗೇ ಆಗಲಿ ಉಚಿತ ಕಾನೂನು ನೆರವಿನ ಹಕ್ಕಿದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಮನೆಯವರು ಅರ್ಜಿ ಕೊಡಬಹುದು. ಮೊದಲ ಸಲದ ಆರೋಪಿಯಾದರೆ, ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಒಳಗೇ ಕಳೆದವನನ್ನು ಬಿಡಬೇಕು ಅಂತಲೂ ಇದೆ. ಆದರೆ ಅಲ್ಲಿವರೆಗೂ ಕಾಯಬೇಡಿ, ಈಗಲೇ ಜಾಮೀನು ಅರ್ಜಿ ಹಾಕಿಸಿ.

ಸ್ಟೋರ್ಸ್, ವಸಂತನರಸಾಪುರ:
ಯಾರೂ ಇಲ್ಲ ಸರ್. ಈಗಷ್ಟೇ ಅವನ ಹೆಂಡತಿಗೆ ಫೋನ್ ಮಾಡಿ ಹೇಳಿದೆ. ಸೋಮವಾರ ರಜೆ ಹಾಕಿ ಅವರ ಜೊತೆ ನಾನೂ ಹೋಗುತ್ತೇನೆ. ಯಾವ ಕಾಗದ ತರಬೇಕು ಹೇಳಿ.