ಸಂಚಾರಿ ವಿಜಯ್ ಅಭಿನಯವನ್ನು ಅಭ್ಯಾಸಕ್ಕಾಗಿ ನೋಡುವುದು ಹೇಗೆ?

ರಂಗಾಸಕ್ತ:
ಹವ್ಯಾಸಿ ತಂಡಗಳಲ್ಲಿ ನಾಟಕ ಮಾಡುವವರು ಕ್ಯಾಮೆರಾ ಮುಂದಿನ ಅಭಿನಯ ಕಲಿಯಲು ಸಂಚಾರಿ ವಿಜಯ್ ಅವರ ಯಾವ ಚಿತ್ರಗಳನ್ನು ಯಾವ ಕ್ರಮದಲ್ಲಿ ನೋಡಿದರೆ ಒಳ್ಳೆಯದು? ಇನ್ನೊಂದು ಗೊಂದಲ: 'ನಾನು ಅವನಲ್ಲ ಅವಳು' ಒಂದು ಕಡೆ 2014 ಅಂತಿದೆ, ಇನ್ನೊಂದು ಕಡೆ 2015.

ಕಡೂರು ಕಡೆಯವ:
ಎರಡೂ ಸರಿ. ರಾಷ್ಟ್ರ ಪ್ರಶಸ್ತಿಗೆ ಲೆಕ್ಕಕ್ಕೆ ಬರುವುದು ಸೆನ್ಸಾರ್ ಸರ್ಟಿಫಿಕೇಟಿನ ವರ್ಷ, ಬಿಡುಗಡೆಯದ್ದಲ್ಲ. ಹಾಗಾಗಿ 2014ನೇ ಸಾಲಿನ ಅತ್ಯುತ್ತಮ ನಟ ಪ್ರಶಸ್ತಿ 2015ರ ಮಾರ್ಚ್‌ನಲ್ಲೇ ಘೋಷಣೆಯಾಯಿತು, ಚಿತ್ರ ಥಿಯೇಟರಿಗೆ ಬಂದದ್ದು ಸೆಪ್ಟೆಂಬರಿನಲ್ಲಿ. ಕನ್ನಡ ಚಿತ್ರದಿಂದ ಆ ಪ್ರಶಸ್ತಿ ಪಡೆದವರು ವಿಜಯ್ ಅವರಿಗಿಂತ ಮೊದಲು ಇಬ್ಬರೇ: ಎಂ.ವಿ. ವಾಸುದೇವರಾವ್, ಚಾರುಹಾಸನ್.

2011ರ 'ರಂಗಪ್ಪ ಹೋಗ್ಬಿಟ್ನಾ' ಸಣ್ಣ ಪಾತ್ರ, ಬಿಡಬಹುದು. 'ಹರಿವು', 'ನಾನು ಅವನಲ್ಲ ಅವಳು', 'ನಾತಿಚರಾಮಿ' ಈ ಕ್ರಮದಲ್ಲಿ ನೋಡಿ. 2021ರ ಜೂನ್‌ನಲ್ಲಿ, ಇನ್ನೂ 37ರ ವಯಸ್ಸಿನಲ್ಲೇ ಅವರು ತೀರಿಕೊಂಡ ಮೇಲೆ ತೆರೆಗೆ ಬಂದ 'ತಲೆದಂಡ' ಕೊನೆಗಿರಲಿ.

ನೇಪಥ್ಯ:
ಕ್ರಮಕ್ಕಿಂತ ನೋಡುವ ರೀತಿ ಮುಖ್ಯ. ಎರಡು ಮೂರು ನಿಮಿಷದ ಒಂದೇ ದೃಶ್ಯ ಆರಿಸಿಕೊಳ್ಳಿ. ಮೊದಲು ಸೌಂಡ್ ಪೂರ್ತಿ ತೆಗೆದು ಕುತ್ತಿಗೆ, ಭುಜ, ಬೆರಳು ಮಾತ್ರ ಗಮನಿಸಿ. ಆಮೇಲೆ ಪರದೆ ನೋಡದೆ ಕೇಳಿ: ಉಸಿರು ಎಲ್ಲಿ ಬಿಡುತ್ತಾರೆ, ವಾಕ್ಯ ಎಲ್ಲಿ ಅರ್ಧಕ್ಕೆ ನಿಲ್ಲುತ್ತದೆ? 'ನಾನು ಅವನಲ್ಲ ಅವಳು' ಚಿತ್ರದ ಟ್ರಾನ್ಸ್‌ಜೆಂಡರ್ ಪಾತ್ರ ಮಾದೇಶ ಮನೆಯವರ ಮುಂದೆ ಮೈ ಬಿಗಿಹಿಡಿದು ನಿಲ್ಲುವುದಕ್ಕೂ ವಿದ್ಯಾ ಆದಮೇಲಿನ ನಡಿಗೆಗೂ ಇರುವ ವ್ಯತ್ಯಾಸ ಆಗ ಕಾಣುತ್ತದೆ. ಅಳುವ ದೃಶ್ಯಗಳಿಗಿಂತ ಅಳು ತಡೆದುಕೊಳ್ಳುವ ದೃಶ್ಯಗಳಲ್ಲಿ ಕಲಿಯುವುದು ಹೆಚ್ಚಿದೆ.

ಆದರೆ ಈ ಪಾತ್ರವನ್ನೇ ಆಡಿಷನ್‌ಗೆ ಒಯ್ಯಬೇಡಿ, ದಯವಿಟ್ಟು. ಒಳಗಿನ ತಯಾರಿ ಇಲ್ಲದೆ ಬರೀ ಕೈ ಬಳುಕಿಸಿದರೆ ಅದು ಒಂದು ಸಮುದಾಯದ ಅಣಕವಾಗುತ್ತದೆ.

ಡಬ್ಬಿಂಗ್ ಥಿಯೇಟರ್:
ನಾಟಕದವರು ಸಾಮಾನ್ಯವಾಗಿ ಎಡವುವುದು ದನಿಯಲ್ಲಿ. ಕೊನೇ ಸಾಲಿಗೆ ಮುಟ್ಟಿಸಿ ಅಭ್ಯಾಸವಾದ ದನಿ ಕ್ಲೋಸಪ್‌ನಲ್ಲಿ ಕಿರುಚಿದಂತೆ ಕೇಳುತ್ತದೆ, ಹುಬ್ಬೂ ಜೊತೆಗೆ ಏರುತ್ತದೆ. ಫೋನನ್ನು ಕಣ್ಣಿನ ಮಟ್ಟಕ್ಕೆ ಅಡ್ಡ ಇಟ್ಟು, ಎದೆಯಿಂದ ಮೇಲಕ್ಕೆ ಫ್ರೇಮ್ ಮಾಡಿ. ಕಿಟಕಿ ಎದುರಿಗಿರಲಿ, ಬೆನ್ನಿಗಿದ್ದರೆ ಮುಖ ಕಪ್ಪಾಗುತ್ತದೆ. ಫ್ಯಾನ್ ಆಫ್ ಮಾಡಿ. ಎದುರು ಪಾತ್ರದ ಮಾತು ಹೇಳುವವರು ಲೆನ್ಸಿನ ಪಕ್ಕದಲ್ಲೇ ನಿಲ್ಲಲಿ, ದೂರ ನಿಂತರೆ ನಿಮ್ಮ ಕಣ್ಣು ಫ್ರೇಮಿನಿಂದ ಆಚೆ ಹೋಗುತ್ತದೆ.

ಅದೇ ತುಣುಕಿಗೆ ಡಬ್ಬಿಂಗ್ ಕೂಡ ಮಾಡಿ ನೋಡಿ, 30 ಸೆಕೆಂಡ್ ಸಾಕು. ಪ, ಬ, ಮ ಬರುವ ಕಡೆ ತುಟಿ ಮುಚ್ಚಲೇಬೇಕಲ್ಲ, ಸಿಂಕ್ (ತುಟಿಗೂ ದನಿಗೂ ಹೊಂದಿಕೆ) ತಪ್ಪಿದ್ದು ಮೊದಲು ಕಾಣುವುದು ಅಲ್ಲೇ. ಆ ಅಕ್ಷರಗಳನ್ನು ಕೂರಿಸಿಕೊಂಡು ಆಮೇಲೆ ಭಾವದ ಕಡೆ ಹೋಗಿ. ಕೂತು ಡಬ್ ಮಾಡಬೇಡಿ. ಓಡುತ್ತಾ ಹೇಳಿದ ಮಾತಿನ ಉಸಿರು ಕುರ್ಚಿಯಲ್ಲಿ ಸಿಗುವುದಿಲ್ಲ.

ರಂಗಾಸಕ್ತ:
ಎಲ್ಲರಿಗೂ ಧನ್ಯವಾದ. 'ಹರಿವು' ದೃಶ್ಯದಿಂದ ಶುರು ಮಾಡುತ್ತೇನೆ, ಮೊದಲು ಸೌಂಡ್ ತೆಗೆದು.