ಜಿಮ್‌ಗೆ ಹೋದರೂ ತೂಕ ಇಳಿಯುತ್ತಿಲ್ಲ ಯಾಕೆ? ಫಿಸಿಯೋ ಮೇಡಂ ಜೊತೆ ಪ್ರಶ್ನೋತ್ತರ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಇವತ್ತು ರಾತ್ರಿ 9ರಿಂದ ನಮ್ಮ ಮುಂಬೈ ಕನ್ನಡಿಗರ ಗುಂಪಿನ ಫಿಸಿಯೋಥೆರಪಿಸ್ಟ್ ಮೇಡಂ ನಿಮ್ಮ ಪ್ರಶ್ನೆಗಳಿಗೆ ಉತ್ತರ ಕೊಡುತ್ತಾರೆ. ವ್ಯಾಯಾಮ ಮಾಡಿಯೂ ಫಲ ಕಾಣದವರು ಕೇಳಬಹುದು. ಆರೋಗ್ಯದ ವಿಷಯವಾದ್ದರಿಂದ ಹೆಸರು ಬೇಡ, ನಿಮ್ಮ ಲೋಕಲ್ ರೈಲು ಸ್ಟೇಷನ್ ಹೆಸರು ಹಾಕಿದರೆ ಸಾಕು. ದಯವಿಟ್ಟು ಫಾರ್ವರ್ಡ್ ಹಾಕಬೇಡಿ.

ಮುಲುಂಡ್: ಮೇಡಂ ನಮಸ್ತೆ. ಬೆಳಿಗ್ಗೆ ಖಾಲಿ ಹೊಟ್ಟೆಗೆ ಬಿಸಿನೀರು, ನಿಂಬೆರಸ, ಜೇನು ಕುಡಿದರೆ ಕೊಬ್ಬು ಕರಗುತ್ತದಾ?

ಫಿಸಿಯೋ: ನಮಸ್ತೆ. ಕರಗುವುದಿಲ್ಲ. ನೀರು ಕುಡಿದ ಲಾಭ ಇದೆ, ಅಷ್ಟೇ. ಒಂದು ದೊಡ್ಡ ಚಮಚ ಜೇನಿನಲ್ಲಿ ಸುಮಾರು 60 ಕ್ಯಾಲರಿ ಇರುತ್ತದೆ ಅನ್ನುವುದೂ ನೆನಪಿರಲಿ.

ಘಾಟ್ಕೋಪರ್: ನನಗೆ 58. ವರ್ಷದಿಂದ ದಿನಾ 45 ನಿಮಿಷ ವಾಕಿಂಗ್. ತೂಕ ಒಂದು ಕಿಲೋ ಕೂಡ ಇಳಿದಿಲ್ಲ. ಅಂಗಡಿ ಇದೆ, ತಿರುಗಾಟ ಕಡಿಮೆ.

ಫಿಸಿಯೋ: ವಾಕಿಂಗ್ ಮುಗಿದ ಮೇಲೆ ಏನು ಮಾಡುತ್ತೀರಿ?

ಘಾಟ್ಕೋಪರ್: ಗೆಳೆಯರೆಲ್ಲ ಸೇರಿ ಹೋಟೆಲ್‌ಗೆ ಹೋಗುತ್ತೇವೆ. ಜಾಸ್ತಿ ಏನಿಲ್ಲ, ಇಡ್ಲಿ ವಡೆ, ಕಾಫಿ. ಒಂದೊಂದು ದಿನ ಶೀರಾ.

ಫಿಸಿಯೋ: 45 ನಿಮಿಷದ ನಡಿಗೆಗೆ ಖರ್ಚಾಗುವುದು ಸುಮಾರು 150ರಿಂದ 200 ಕ್ಯಾಲರಿ. ಒಂದು ವಡೆ, ಒಂದು ಸಕ್ಕರೆ ಕಾಫಿಗೆ ಅದು ವಾಪಸ್ ಬಂತು. ಇಡ್ಲಿ, ಶೀರಾ ಬೋನಸ್. ಗೆಳೆಯರನ್ನು ಬಿಡಬೇಡಿ, ವಡೆ ಮತ್ತು ಶೀರಾ ವಾರಕ್ಕೆ ಒಂದು ದಿನ ಇರಲಿ. ಅಂಗಡಿಯಲ್ಲಿ ಗಂಟೆಗೊಮ್ಮೆ ಎದ್ದು ಎರಡು ನಿಮಿಷ ಓಡಾಡಿ. ವಾರದಲ್ಲಿ ಎರಡು ದಿನ ಕಾಲಿನ, ಬೆನ್ನಿನ ಸ್ನಾಯುಗಳಿಗೂ ಕೆಲಸ ಕೊಡಿ. ಕುರ್ಚಿಯಿಂದ ಕೈ ಊರದೆ ಹತ್ತು ಸಲ ಎದ್ದು ಕೂರುವುದರಿಂದ ಶುರು ಮಾಡಿ.

ಭಾಂಡುಪ್: ಸ್ಕ್ವಾಟ್ ಮಾಡುವಾಗ ಮೊಣಕಾಲು ಕಟಕಟ ಅನ್ನುತ್ತದೆ. ನೋವಿಲ್ಲ. ನಿಲ್ಲಿಸಬೇಕಾ?

ಡೊಂಬಿವಲಿ ಪೂರ್ವ: ಮೇಡಂ, ದಿನಕ್ಕೆ 10,000 ಹೆಜ್ಜೆ ಆಗುತ್ತಲೇ ಇಲ್ಲ. 6,500ಕ್ಕೆ ನಿಲ್ಲುತ್ತದೆ. ಬೇಜಾರಾಗುತ್ತದೆ.

ಫಿಸಿಯೋ: 10,000 ಅನ್ನುವುದು 1965ರಲ್ಲಿ ಜಪಾನಿನಲ್ಲಿ ಹೆಜ್ಜೆ ಎಣಿಸುವ ಯಂತ್ರ ಮಾರಲು ಇಟ್ಟ ಸಂಖ್ಯೆ. ಅಷ್ಟು ಆಗಲೇಬೇಕು ಅಂತ ಇಲ್ಲ. 6,500 ಚೆನ್ನಾಗಿಯೇ ಇದೆ. ಅದರಲ್ಲಿ ಸ್ವಲ್ಪ ದೂರ ಬಿರುಸಾಗಿ ನಡೆಯಿರಿ, ಮಾತಾಡಲು ಆಗಬೇಕು, ಹಾಡಲು ಆಗಬಾರದು. ವಾರಕ್ಕೆ ಅಂಥದ್ದು 150 ನಿಮಿಷ ಆದರೆ ಸಾಕು.

ವಿಕ್ರೋಲಿ: ಜೀರಿಗೆ ನೀರು?

ಫಿಸಿಯೋ: ಮುಲುಂಡ್‌ನವರಿಗೆ ಕೊಟ್ಟ ಉತ್ತರವೇ.

ಬದ್ಲಾಪುರ್: ನನಗೆ 43. ಎಂಟು ತಿಂಗಳಿಂದ ಜಿಮ್. ಬೆಳಿಗ್ಗೆ 4.15ಕ್ಕೆ ಏಳುತ್ತೇನೆ, 5ಕ್ಕೆ ಜಿಮ್, ಆಮೇಲೆ ಲೋಕಲ್ ಹಿಡಿದು ಫೋರ್ಟ್‌ಗೆ. ಮನೆಗೆ ಬರುವಾಗ ರಾತ್ರಿ 9.30. ಮಲಗುವಾಗ 11.45. ಮೊದಲು ಮೂರು ಕಿಲೋ ಇಳಿಯಿತು, ಈಗ ಮತ್ತೆ ಏರಿದೆ. ಹೊಟ್ಟೆ ಹಾಗೇ ಇದೆ. ಜಿಮ್‌ಗೆ ಮುಂಚೆ ಪ್ರೀ-ವರ್ಕೌಟ್ ಪುಡಿ ಕುಡಿಯದಿದ್ದರೆ ಎದ್ದು ನಿಲ್ಲಲೂ ಆಗುವುದಿಲ್ಲ. ಟ್ರೇನರ್ ಫ್ಯಾಟ್ ಬರ್ನರ್ ತಗೊಳ್ಳಿ ಅನ್ನುತ್ತಾನೆ. ಯಾವುದು ಒಳ್ಳೆಯದು?

ಫಿಸಿಯೋ: ಯಾವುದೂ ಬೇಡ. ಮೊದಲು ಇದಕ್ಕೆ ಉತ್ತರ ಕೊಡಿ. ಭಾನುವಾರ ಜಾಸ್ತಿ ಮಲಗಿದರೆ ಸುಸ್ತು ಹೋಗುತ್ತದಾ? ಗೊರಕೆ ಇದೆಯಾ? ಬೆಳಿಗ್ಗೆ ತಲೆನೋವು? ಬಿಪಿ ಎಷ್ಟು? ಕುಡಿಯುತ್ತೀರಾ?

ಬದ್ಲಾಪುರ್: ಭಾನುವಾರ ಹತ್ತು ಗಂಟೆ ಮಲಗಿದರೂ ಮೈ ಭಾರ. ಗೊರಕೆ ಜೋರು, ಹೆಂಡತಿ ಹಾಲ್‌ನಲ್ಲಿ ಮಲಗುತ್ತಾಳೆ. ತಲೆನೋವು ಇರುತ್ತದೆ, 10 ಗಂಟೆ ಹೊತ್ತಿಗೆ ಹೋಗುತ್ತದೆ. ಆಫೀಸ್ ಕ್ಯಾಂಪಲ್ಲಿ ಬಿಪಿ 150/96 ಬಂತು, ಟೆನ್ಷನ್ ಅಂದುಕೊಂಡೆ. ನಿದ್ದೆ ಬರಲಿ ಅಂತ ರಾತ್ರಿ ಎರಡು ಪೆಗ್. ಲೋಕಲ್‌ನಲ್ಲಿ ನಿಂತಲ್ಲೇ ನಿದ್ದೆ ಹೋಗುತ್ತೇನೆ.

ಫಿಸಿಯೋ: ಹೆಂಡತಿ ಪಕ್ಕದಲ್ಲಿದ್ದರೆ ಈಗಲೇ ಕೇಳಿ. ಗೊರಕೆ ಮಧ್ಯೆ ನಿಂತು, ಆಮೇಲೆ ಉಸಿರು ಕಟ್ಟಿದವರ ಹಾಗೆ ಒಮ್ಮೆಲೇ ಎಳೆದುಕೊಳ್ಳುತ್ತೀರಾ?

ಬದ್ಲಾಪುರ್: ಹೌದಂತೆ. "ಗಕ್" ಅಂತ ಸದ್ದು ಬರುತ್ತದಂತೆ. ಅವಳಿಗೆ ಹೆದರಿಕೆಯಾಗಿ ತಟ್ಟಿ ಎಬ್ಬಿಸುತ್ತಿದ್ದಳಂತೆ. ನನಗೆ ಗೊತ್ತೇ ಇರಲಿಲ್ಲ.

ಕುರ್ಲಾ: ಗೊರಕೆಗೆ ಸುಲಭ ಉಪಾಯ. ಮಲಗುವಾಗ ಬಾಯಿಗೆ ಟೇಪ್ ಅಂಟಿಸಿ. ವಿಡಿಯೋ ಹಾಕಿದ್ದೇನೆ, ಫಾರಿನ್‌ನಲ್ಲಿ ಎಲ್ಲರೂ ಮಾಡುತ್ತಾರೆ.

ಮೀರಾ ರೋಡ್: ಮೂಗಿಗೆ ಎರಡು ಹನಿ ಸಾಸಿವೆ ಎಣ್ಣೆ. ನಮ್ಮ ಮಾವನಿಗೆ ಗುಣವಾಗಿದೆ.

ಫಿಸಿಯೋ: ಕುರ್ಲಾದವರೇ, ಆ ವಿಡಿಯೋ ಅಳಿಸಿ. ನಿದ್ದೆಯಲ್ಲಿ ಉಸಿರು ನಿಲ್ಲುವ ಮನುಷ್ಯನಿಗೆ ಬಾಯಿ ಮುಚ್ಚಿ ಅನ್ನುತ್ತಿದ್ದೀರಿ. ಮೂಗು ಕಟ್ಟಿದ್ದರೆ ಏನು ಗತಿ? ಮೀರಾ ರೋಡ್‌ನವರೇ, ದಿನಾ ಮೂಗಿಗೆ ಎಣ್ಣೆ ಬಿಟ್ಟರೆ ಅದು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುವುದಿದೆ. ಸುಮ್ನೆ ಹೇಳುತ್ತಿಲ್ಲ.

ಬದ್ಲಾಪುರ್‌ನವರೇ, ಇದನ್ನು ನಿಧಾನವಾಗಿ ಓದಿ. ನಿಮ್ಮದು ಜಿಮ್‌ನ ಸಮಸ್ಯೆ ಅಂತ ನನಗೆ ಅನ್ನಿಸುತ್ತಿಲ್ಲ. ನೀವು ಹೇಳಿದ್ದೆಲ್ಲ ಸ್ಲೀಪ್ ಆಪ್ನಿಯಾ ಕಡೆಗೆ ಬೆರಳು ತೋರಿಸುತ್ತದೆ. ನಿದ್ದೆಯಲ್ಲಿ ಗಂಟಲಿನ ಸ್ನಾಯು ಸಡಿಲವಾಗಿ ಉಸಿರಿನ ದಾರಿ ಮುಚ್ಚಿಕೊಳ್ಳುತ್ತದೆ. ಹತ್ತು ಸೆಕೆಂಡ್, ಕೆಲವರಿಗೆ ಅದಕ್ಕಿಂತಲೂ ಹೆಚ್ಚು ಹೊತ್ತು ಉಸಿರು ಇರುವುದಿಲ್ಲ. ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ. ಮೆದುಳು ಗಾಬರಿಬಿದ್ದು ಎಬ್ಬಿಸುತ್ತದೆ. ಎಚ್ಚರವಾಗಿದ್ದು ನಿಮಗೆ ನೆನಪಿರುವುದಿಲ್ಲ. ಗಂಟೆಗೆ 30 ಸಲಕ್ಕಿಂತ ಹೆಚ್ಚಾದರೆ ತೀವ್ರ ಅಂತ ಲೆಕ್ಕ. ಹಾಗಾಗಿಯೇ ಹತ್ತು ಗಂಟೆ ಮಲಗಿದರೂ ಮೈ ಭಾರ. ಇದರಿಂದ ಬಿಪಿ ಏರುತ್ತದೆ, ಹೃದಯಕ್ಕೂ ತೊಂದರೆ.

ಎರಡು ಪೆಗ್ ಹಾಕಿದರೆ ಬೇಗ ನಿದ್ದೆ ಬರುತ್ತದೆ, ನಿಜ. ಆದರೆ ಆ ಸ್ನಾಯು ಇನ್ನಷ್ಟು ಸಡಿಲವಾಗುತ್ತದೆ. ಬೆಳಿಗ್ಗೆ ಏಳಲಾಗದೆ ಪುಡಿ. ಅಂಥ ಪುಡಿಗಳ ಒಂದು ಸ್ಕೂಪ್‌ನಲ್ಲಿ 200, 300 ಮಿಲಿಗ್ರಾಂ ಕೆಫೀನ್ ಇರುವುದುಂಟು. 150/96 ಬಿಪಿ ಇಟ್ಟುಕೊಂಡು ಅದನ್ನು ಕುಡಿದು ಭಾರ ಎತ್ತುತ್ತಿದ್ದೀರಿ. ಇವತ್ತಿಗೇ ನಿಲ್ಲಿಸಿ. ಫ್ಯಾಟ್ ಬರ್ನರ್‌ನಲ್ಲೂ ಸಾಮಾನ್ಯವಾಗಿ ಇದೇ ಕೆಫೀನ್ ಇರುತ್ತದೆ.

ಹೊಟ್ಟೆ ಯಾಕೆ ಇಳಿಯಲಿಲ್ಲ ಅಂದರೆ, ನಿದ್ದೆ ಕಡಿಮೆಯಾದಾಗ ಹಸಿವು ಹೆಚ್ಚಾಗುತ್ತದೆ, ಸಂಜೆ ಸ್ಟೇಷನ್ ಹೊರಗಿನ ವಡಾಪಾವ್ ಕೈಬೀಸಿ ಕರೆಯುತ್ತದೆ. 2010ರಲ್ಲಿ ಶಿಕಾಗೋ ವಿಶ್ವವಿದ್ಯಾಲಯದವರು ಒಂದು ಅಧ್ಯಯನ ಪ್ರಕಟಿಸಿದರು. ಚಿಕ್ಕ ಅಧ್ಯಯನ, ಹತ್ತೇ ಜನ. ಅದೇ ಜನ, ಅಷ್ಟೇ ಕಡಿಮೆ ಊಟ. ಒಮ್ಮೆ ಹಾಸಿಗೆಯಲ್ಲಿ ಎಂಟೂವರೆ ಗಂಟೆ, ಇನ್ನೊಮ್ಮೆ ಐದೂವರೆ ಗಂಟೆ. ಎರಡು ಸಲವೂ ತೂಕ ಹೆಚ್ಚುಕಡಿಮೆ ಒಂದೇ ಅಷ್ಟು ಇಳಿಯಿತು. ಆದರೆ ನಿದ್ದೆ ಕಡಿಮೆಯಿದ್ದಾಗ ಕರಗಿದ ಕೊಬ್ಬು ಅರ್ಧಕ್ಕಿಂತ ಕಡಿಮೆ, ಹೋದದ್ದು ಹೆಚ್ಚಾಗಿ ಸ್ನಾಯುವಿನಂಥ ಕೊಬ್ಬಲ್ಲದ ಭಾಗ. ನೀವು ಮಲಗುತ್ತಿರುವುದು ನಾಲ್ಕೂವರೆ ಗಂಟೆ, ಅದೂ ತುಂಡು ತುಂಡಾಗಿ.

ಈ ವಾರವೇ ಇಎನ್‌ಟಿ ಅಥವಾ ಶ್ವಾಸಕೋಶದ ಡಾಕ್ಟರನ್ನು ನೋಡಿ, ಸ್ಲೀಪ್ ಸ್ಟಡಿ, ಅಂದರೆ ನಿದ್ದೆಯಲ್ಲಿ ಉಸಿರು, ಆಮ್ಲಜನಕ ಅಳೆಯುವ ಪರೀಕ್ಷೆ, ಬೇಕಾ ಕೇಳಿ. ಮನೆಯಲ್ಲೇ ಮಾಡುವ ಪರೀಕ್ಷೆಯೂ ಇದೆ. ಬಿಪಿಯನ್ನು ಫ್ಯಾಮಿಲಿ ಡಾಕ್ಟರ್ ಹತ್ತಿರ ಮತ್ತೆ ನೋಡಿಸಿ. ಅವರು ನೋಡುವ ತನಕ ಭಾರ ಎತ್ತುವುದು ಬೇಡ, ನಡೆಯಿರಿ. ನಿದ್ದೆ ಮಾತ್ರೆ ನೀವಾಗಿ ತಗೊಳ್ಳಬೇಡಿ. ಹೆಂಡತಿಗೆ ಹೇಳಿ ಗೊರಕೆಯ ಎರಡು ನಿಮಿಷದ ವಿಡಿಯೋ ತೆಗೆಸಿ, ಡಾಕ್ಟರಿಗೆ ತೋರಿಸಿ. ಕಾರು ಓಡಿಸುತ್ತೀರಾ?

ಬದ್ಲಾಪುರ್: ಇಲ್ಲಿ ಇಲ್ಲ. ಚೌತಿಗೆ ಕುಂದಾಪುರಕ್ಕೆ ಹೋಗುವಾಗ ಮಾತ್ರ. ರಾತ್ರಿ ಹೊರಟರೆ ಟ್ರಾಫಿಕ್ ಕಡಿಮೆ. ಹೆಂಡತಿ, ಮಕ್ಕಳು, ಅಮ್ಮ.

ಫಿಸಿಯೋ: ನಿಂತಲ್ಲೇ ನಿದ್ದೆ ಹೋಗುವವರು ರಾತ್ರಿಯಿಡೀ ಕೊಂಕಣದ ಘಾಟಿಯಲ್ಲಿ ಸ್ಟಿಯರಿಂಗ್ ಹಿಡಿಯುವುದು ಬೇಡ. ಪರೀಕ್ಷೆ, ಚಿಕಿತ್ಸೆ ಆಗುವ ತನಕ ಬೇಡವೇ ಬೇಡ.

ವಾಶಿ: ನಾವು ಸಸ್ಯಾಹಾರಿ. ಪ್ರೋಟೀನ್ ಹೇಗೆ? ಎರಡು ಹೊತ್ತೂ ಸಾರು ಇದ್ದೇ ಇರುತ್ತದೆ.

ಫಿಸಿಯೋ: ತಿಳಿಸಾರಿನಲ್ಲಿ ಪ್ರೋಟೀನ್ ಹುಡುಕಬೇಡಿ. ಗಟ್ಟಿ ಬೇಳೆ, ಕಾಳುಪಲ್ಯ, ಮೊಸರು, ಪನೀರ್, ಸೋಯಾ. ಕಿಲೋ ತೂಕಕ್ಕೆ ದಿನಕ್ಕೆ 0.8 ಗ್ರಾಂ ಕನಿಷ್ಠ, ಭಾರ ಎತ್ತುವವರಿಗೆ ಇನ್ನೂ ಬೇಕು.

ಕಲ್ಯಾಣ್: ನಮ್ಮಲ್ಲಿ ಹರ್ಬಲ್ ಶೇಕ್ ಇದೆ ಮೇಡಂ. ಬೆಳಿಗ್ಗೆ, ರಾತ್ರಿ ಊಟದ ಬದಲು. ಹತ್ತು ದಿನದಲ್ಲಿ ಐದು ಕಿಲೋ. ಗುಂಪಿನವರಿಗೆ ಡಿಸ್ಕೌಂಟ್.

ಫಿಸಿಯೋ: ಹತ್ತು ದಿನದಲ್ಲಿ ಹೋಗುವುದು ಹೆಚ್ಚಾಗಿ ನೀರು. ಶೇಕ್ ನಿಲ್ಲಿಸಿದ ಮೇಲೆ ಅದೇ ಊಟ, ಅದೇ ತೂಕ. ಇಲ್ಲಿ ಅಂಗಡಿ ಹಾಕಬೇಡಿ.

ಕಲ್ಯಾಣ್: ನೀವೂ ಫೀಸ್ ತಗೊಂಡೇ ಚಿಕಿತ್ಸೆ ಕೊಡುವುದಲ್ವಾ?

ಫಿಸಿಯೋ: ಹೌದು. ಇವತ್ತು ತಗೊಂಡಿಲ್ಲ.

ಠಾಣೆ: ಮೂಲ ಸಮಸ್ಯೆ ಅನ್ನ. ನಮ್ಮ ವಿಜಯಪುರದ ಕಡೆ ಜೋಳದ ರೊಟ್ಟಿ ತಿಂತಾರ್ರಿ, ಯಾರಿಗೂ ಹೊಟ್ಟೆ ಇಲ್ಲ. ಕರಾವಳಿಯವರು ಮೂರು ಹೊತ್ತು ಅನ್ನ ಉಂಡು ಜಿಮ್‌ಗೆ ಹೋಗ್ತಾರ.

ಅಂಧೇರಿ: ಮಾರಾಯ್ರೆ, ನಮ್ಮ ಅಜ್ಜ ಕುಚ್ಚಲಕ್ಕಿ ಗಂಜಿ ಉಂಡೇ 88 ಬದುಕಿದ್ದು. ಹೊಟ್ಟೆ ಇರಲಿಲ್ಲ.

ಠಾಣೆ: ನಿಮ್ಮ ಅಜ್ಜ ಗದ್ದೆ ಉಳುತಿದ್ದರು. ನೀವು ಗಲ್ಲಾದ ಮೇಲೆ ಕೂಡ್ತೀರಿ.

ಅಂಧೇರಿ: ಗಲ್ಲಾ ಅಂತ ಹಗುರವಾಗಿ ಮಾತಾಡಬೇಡಿ. ಈ ಊರಿಗೆ ಬಂದ ನಿಮ್ಮವರಿಗೆ ಮೊದಲು ಊಟ ಹಾಕಿದ್ದು ನಮ್ಮ ಹೋಟೆಲೇ.

ಠಾಣೆ: ಬಿಟ್ಟಿ ಹಾಕಿಲ್ಲಲ್ಲ?

ಘಾಟ್ಕೋಪರ್: ಇಬ್ಬರೂ ಸರಿ, ಬಿಡಿ. ಆದರೂ ರೊಟ್ಟಿ ಜೊತೆ ನೀವು ಹಾಕಿಕೊಳ್ಳುವ ಶೇಂಗಾ ಚಟ್ನಿ, ಎಣ್ಣೆ?

ಠಾಣೆ: ನೀವು ವಡೆ ತಿನ್ನುವವರು ಸುಮ್ನಿರ್ರಿ.

ಫಿಸಿಯೋ: ಅನ್ನವಾದರೂ ರೊಟ್ಟಿಯಾದರೂ ತಟ್ಟೆಯಲ್ಲಿ ಎಷ್ಟಿದೆ, ದಿನವಿಡೀ ಎಷ್ಟು ಕೂರುತ್ತೀರಿ ಅನ್ನುವುದೇ ಮುಖ್ಯ. ಇದರ ಮೇಲೆ ಇನ್ನು ಉತ್ತರ ಕೊಡುವುದಿಲ್ಲ.

ಭಾಂಡುಪ್: ಮೊಣಕಾಲಿನ ಪ್ರಶ್ನೆ ಯಾರಾದರೂ ನೋಡಿದಿರಾ? ಇಲ್ಲಿ ಜಗಳ ಮಾಡುವವರಿಗೇ ಉತ್ತರ ಸಿಗುವುದಾ?

ಅಡ್ಮಿನ್: ತಾಳ್ಮೆ ಇರಲಿ.

ಭಾಂಡುಪ್: ಗಂಟೆ ಮೇಲಾಯಿತು.

ಮಾಟುಂಗಾ: ರಾತ್ರಿ 10ಕ್ಕೆ ಜಿಮ್‌ನಿಂದ ಬಂದು ಕಾಫಿ ಕುಡಿದರೆ ತೊಂದರೆಯಾ? ನನಗೆ ನಿದ್ದೆ ಬರುತ್ತದೆ.

ಫಿಸಿಯೋ: ಕುಡಿದ ಕೆಫೀನ್‌ನಲ್ಲಿ ಅರ್ಧ ಐದು ಗಂಟೆ ಆದಮೇಲೂ ಮೈಯಲ್ಲಿರುತ್ತದೆ. ನಿದ್ದೆ ಬಂದರೂ ಆಳವಾಗಿರುವುದಿಲ್ಲ. ಮಧ್ಯಾಹ್ನ 3ಕ್ಕೆ ಕೊನೆ ಮಾಡಿ.

ವಿಕ್ರೋಲಿ: ಮೇಡಂ, ಜೀರಿಗೆ ಬದಲು ಮೆಂತ್ಯ ನೆನೆಸಿದ ನೀರಾದರೆ?

ಫಿಸಿಯೋ: ಮೇಲೆ ಓದಿ.

ಕುರ್ಲಾ: ಟೇಪ್ ವಿಡಿಯೋ ಅಳಿಸಲ್ಲ. ಅದರಲ್ಲಿ ಮಾತಾಡಿದವರೂ ಡಾಕ್ಟರೇ.

ಫಿಸಿಯೋ: ಆ ಡಾಕ್ಟರ್ ಬದ್ಲಾಪುರ್‌ನವರ ಗೊರಕೆ ಕೇಳಿಲ್ಲ. ಅಡ್ಮಿನ್, ನೀವೇ ಅಳಿಸಿ, ಇಲ್ಲವಾದರೆ ನಾನು ಹೊರಡುತ್ತೇನೆ.

ಅಡ್ಮಿನ್: ಅಳಿಸಿದ್ದೇನೆ. ಕುರ್ಲಾ, ಕಲ್ಯಾಣ್ ಇಬ್ಬರನ್ನೂ ಇವತ್ತಿನ ಮಟ್ಟಿಗೆ ಮ್ಯೂಟ್ ಮಾಡಿದ್ದೇನೆ.

ಬದ್ಲಾಪುರ್: ಮೇಡಂ, ಗುರುವಾರಕ್ಕೆ ಅಪಾಯಿಂಟ್‌ಮೆಂಟ್ ಸಿಕ್ಕಿತು. ಪುಡಿ ಡಬ್ಬ ಹೆಂಡತಿ ಎತ್ತಿಟ್ಟಳು. ಒಂದು ಸಮಸ್ಯೆ, ಚೌತಿಗೆ ಮತ್ಸ್ಯಗಂಧ ರೈಲಿನಲ್ಲಿ ವೇಟಿಂಗ್ ಲಿಸ್ಟ್ ಉದ್ದ ಇದೆ. ನಿಧಾನವಾಗಿ ಓಡಿಸಿದರೆ ಆಗುತ್ತದಾ?

ಫಿಸಿಯೋ: ಬಸ್ಸಿದೆ.