ಸಹಾಯ ಬೇಕು: ಆಂತರಿಕ ಸಮಿತಿ ಮಾಡುವ ಮೊದಲೇ ದೂರು ಬಂದಿದೆ

ಪೀಣ್ಯದಲ್ಲಿ ನಮ್ಮದೊಂದು ಚಿಕ್ಕ ಗಾರ್ಮೆಂಟ್ಸ್ ಇದೆ. 14 ಜನ ಕೆಲಸಗಾರರು. ಸೂಪರ್‌ವೈಸರ್ ಪದೇ ಪದೇ ಮೈ ಮುಟ್ಟುತ್ತಾರೆ ಅಂತ ಹೊಲಿಗೆ ವಿಭಾಗದ ಹೆಣ್ಣುಮಗಳೊಬ್ಬರು ಸೋಮವಾರ ನೋಟ್‌ಬುಕ್ ಹಾಳೆಯಲ್ಲಿ ಬರೆದು ಕೊಟ್ಟರು. ಕೊಡುವಾಗ ಅವರ ಕೈ ನಡುಗುತ್ತಿತ್ತು.

ಕೆಲಸದ ಜಾಗದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಪ್ರಕಾರ 10 ಅಥವಾ ಹೆಚ್ಚು ಜನರಿದ್ದರೆ, ಇಂಥ ದೂರು ವಿಚಾರಿಸಲು ಸಂಸ್ಥೆಯಲ್ಲೇ ಒಂದು ಆಂತರಿಕ ಸಮಿತಿ ಇರಲೇಬೇಕು. ನಾವು ಮಾಡಿರಲಿಲ್ಲ, ತಪ್ಪು ನಮ್ಮದೇ. ಸದ್ಯ ಸೂಪರ್‌ವೈಸರನ್ನು ಗೋಡೌನ್ ಕೆಲಸಕ್ಕೆ ಹಾಕಿದ್ದೇನೆ. ಲೆಕ್ಕ ನೋಡುವವರು "ಸುಮ್ನೆ ಕೂರಿಸಿ ರಾಜಿ ಮಾಡಿಸಿ" ಅಂದರು. ನನಗೆ ಮನಸ್ಸು ಒಪ್ಪಲಿಲ್ಲ.

ಅದೇ ಕಾಯ್ದೆಯಡಿ ದೂರು ವಿಚಾರಿಸುವ ಜಿಲ್ಲೆಯ ಸ್ಥಳೀಯ ಸಮಿತಿ ಇರುವುದು 10ಕ್ಕಿಂತ ಕಡಿಮೆ ಜನ ಇರುವ ಕಡೆಗೆ, ಇಲ್ಲವೇ ಮಾಲೀಕರ ಮೇಲೇ ದೂರು ಇದ್ದಾಗ ಅಲ್ವಾ? ನಮ್ಮದು ಎರಡೂ ಅಲ್ಲ. ಈಗ ಹೊಸದಾಗಿ ಸಮಿತಿ ಮಾಡಿದರೆ, ಅದಕ್ಕೂ ಮೊದಲೇ ಬಂದ ಈ ದೂರನ್ನು ಅದು ವಿಚಾರಣೆ ಮಾಡಬಹುದಾ, ಜಿಲ್ಲಾ ಸಮಿತಿಗೇ ಕಳಿಸಬೇಕಾ? ಇಂಥದ್ದನ್ನು ನಿಭಾಯಿಸಿದವರು ದಯವಿಟ್ಟು ಹೇಳಿ.